ಸೊನ್ನೆ ಹಾಕಿದ ಸಾಲು

ನಿಜಲಿಂಗಪ್ಪನಿಗೆ ಮೊದಲು ಸಿಟ್ಟು ಬಂದದ್ದು ಕ್ಯಾನ್ಸರಿನ ಮೇಲಲ್ಲ, ಅದನ್ನು ತೂಗಿದ ತಕ್ಕಡಿಯ ಮೇಲೆ.

ಪುಣೆ ಮಾರ್ಕೆಟ್ ಯಾರ್ಡಿನ ಕಾಳುಕಡಿ ಸಾಲಿನಲ್ಲಿ ಅವನದು ಮೂವತ್ತೆಂಟು ವರ್ಷದ ದಲ್ಲಾಳಿ ಅಂಗಡಿ. ಜೋಳ, ತೊಗರಿ, ಕಡಲೆ. ಲಾರಿಯಿಂದ ಚೀಲ ಇಳಿಯುತ್ತಿದ್ದಂತೆ ಅದರ ಪಕ್ಕೆಗೆ ಒಂದು ಟೊಳ್ಳು ಕಬ್ಬಿಣದ ಚುಚ್ಚುಗೋಲು ತಿವಿದು, ಒಂದು ಹಿಡಿ ಕಾಳು ಹೊರಗೆಳೆದು, ಅಂಗೈಯಲ್ಲಿ ಹರಡಿ, ‘ಹುಳ ಅದ’ ಅಥವಾ ‘ಹುಳ ಇಲ್ಲ’ ಎಂದು ಹೇಳುವುದು ಅವನ ಕಸುಬು. ಹಾಗಾಗಿ ವರ್ಷದ ರಕ್ತಪರೀಕ್ಷೆಯಲ್ಲಿ ಪಿ.ಎಸ್.ಎ. ಎಂಬ ಅಂಕಿ ಆರೂ ಮುಕ್ಕಾಲಿಗೆ ಏರಿ, ಪ್ರೊಸ್ಟೇಟ್ ಗ್ರಂಥಿಗೆ ಟೊಳ್ಳು ಸೂಜಿಯಿಂದ ಹನ್ನೆರಡು ಕಡೆ ಚುಚ್ಚಿ ಚೂರು ತೆಗೆಯಬೇಕೆಂದಾಗ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಇಷ್ಟು ವರ್ಷ ತಾನು ಚೀಲಗಳಿಗೆ ಮಾಡಿದ್ದು ಈಗ ತನಗೆ ಆಗುತ್ತಿದೆ, ಅಷ್ಟೇ. ಚೀಲಗಳು ಒಮ್ಮೆಯೂ ನರಳಿರಲಿಲ್ಲ ಎಂಬುದೊಂದೇ ವ್ಯತ್ಯಾಸ.

ಹನ್ನೆರಡರಲ್ಲಿ ಎರಡು ಚೂರುಗಳಲ್ಲಿ ಹುಳ ಸಿಕ್ಕಿತು. ರಿಪೋರ್ಟಿನಲ್ಲಿ ‘ಮೂರು ಕೂಡಿಸು ಮೂರು, ಆರು’ ಎಂದಿತ್ತು. ಹತ್ತಕ್ಕೆ ಆರು ಎಂದರೆ ಅರ್ಧಕ್ಕಿಂತ ಹೆಚ್ಚು ಹೋಯಿತು ಎಂದು ಎದೆ ಹಿಡಿದು ಕೂತವನಿಗೆ ಶಸ್ತ್ರಚಿಕಿತ್ಸೆಯ ಡಾಕ್ಟರ್ ಸುಖೇಶ್ ನಗುತ್ತಾ ಹೇಳಿದರು: ಆರೇ ಎಲ್ಲಕ್ಕಿಂತ ಕಡಿಮೆ, ಅಲ್ಲಿಂದಲೇ ಲೆಕ್ಕ ಶುರು.

“ಹಂಗಾದ್ರ ಒಂದರಿಂದ ಐದು ಎಲ್ಲಿ ಹೋದುವ್ರಿ ಸಾಹೇಬ್ರ?” ನಿಜಲಿಂಗಪ್ಪ ಮರಾಠಿಯಲ್ಲಿ ಕೇಳಿದ.

“ಅವು ಬಳಕೆಯಲ್ಲಿಲ್ಲ ಕಾಕಾ.”

ಆರರಿಂದ ಶುರುವಾಗುವ ತಕ್ಕಡಿಯನ್ನು ಪೇಟೆಯಲ್ಲಿ ಇಟ್ಟುಕೊಂಡವನಿಗೆ ಇಷ್ಟುಹೊತ್ತಿಗೆ ಇನ್‌ಸ್ಪೆಕ್ಟರು ಅಂಗಡಿಗೆ ಬೀಗ ಹಾಕಿಸಿರುತ್ತಿದ್ದ.

ಅಂದು ಸಂಜೆ ಸದಾಶಿವ ಪೇಠದ ಮನೆಯಲ್ಲಿ ಚಹಾ ಮುಂದಿಟ್ಟುಕೊಂಡು ಅವನು ಸುಖೇಶರನ್ನು ಆಡಿ ತೋರಿಸಿದ. ಯಾರನ್ನು ಕಂಡುಬಂದರೂ ಹೆಂಡತಿ ಕಾಶವ್ವನಿಗೆ ಅವರ ದನಿಯಲ್ಲೇ ವರದಿ ಒಪ್ಪಿಸುವುದು ಅವನ ಹಳೆಯ ಚಾಳಿ. ಸುಖೇಶರು ಪ್ರತಿ ಮಾತಿನ ಬಾಲಕ್ಕೂ ‘ಬರೋಬರ್?’ ಎಂದು ಕಟ್ಟುವವರು. “ಕಾಕಾ, ರೋಬೋಟ್ ಹಚ್ಚಿ ಗ್ರಂಥಿ ತೆಗೆದುಬಿಡ್ತೀವಿ, ಬರೋಬರ್? ಮೂರು ದಿನಕ್ಕೆ ಮನೆಗೆ, ಬರೋಬರ್? ಮೂತ್ರ ಸ್ವಲ್ಪ ದಿನ ಸೋರ್ತದೆ, ಬರೋಬರ್? ಇಲ್ಲಾಂದ್ರೆ ಏನೂ ಮಾಡದೆ ಬರೇ ಕಣ್ಣಿಟ್ಟು ನೋಡ್ತಾನೂ ಇರಬಹುದು. ನಿರ್ಧಾರ ನಿಮ್ದೇ. ಬರೋಬರ್?”

ಕಾಶವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಆಮೇಲೆ ಕೇಳಿದಳು: “ಮಹಾರಾಷ್ಟ್ರ ಸ್ಟೇಟ್ ನೋಡೇವಿ, ಕರ್ನಾಟಕ ಸ್ಟೇಟ್ ನೋಡೇವಿ. ಇದ್ಯಾವುದ್ರೀ ಈ ಪ್ರೊಸ್ಟೇಟು?”

“ಎರಡರ ನಡುವ ಗಡಿ ತಂಟೆ ಇದ್ದಂಗ. ಎಂದೂ ಮುಗಿಯಂಗಿಲ್ಲ” ಎಂದ ನಿಜಲಿಂಗಪ್ಪ.

ನಕ್ಕದ್ದು ಅಲ್ಲಿಗೇ ಮುಗಿಯಿತು. ಮುಂದಿನ ಆರು ವಾರ ಅವನಿಗೆ ‘ನಿರ್ಧಾರ ನಿಮ್ದೇ’ ಎಂಬ ಮಾತೇ ಗಂಟಲಿಗೆ ಸಿಕ್ಕ ತೊಗರಿ ಸಿಪ್ಪೆಯಾಯಿತು. ಅರವತ್ತಮೂರು ವರ್ಷದ ಗಿರಾಕಿಗೆ ಮಾಲು ಯಾವುದು ಒಳ್ಳೆಯದೆಂದು ಮಾರುವವರೇ ಹೇಳುವುದಿಲ್ಲವೆಂದರೆ ಆ ಕೋಟು, ಆ ಕುರ್ಚಿ, ಗೋಡೆ ತುಂಬ ಕಟ್ಟು ಹಾಕಿಸಿದ ಆ ಕಾಗದಗಳೆಲ್ಲ ಯಾತಕ್ಕೆ? ‘ನಿಮ್ಮ ಅಪ್ಪಗ ಆಗಿದ್ರ ಏನು ಮಾಡ್ತಿದ್ರಿ?’ ಎಂದು ಅವನು ಸುಖೇಶರನ್ನೂ ಕೇಳಿದ್ದ. ಅವರು, ‘ನಮ್ಮಪ್ಪನ ನಿರ್ಧಾರ ನಮ್ಮಪ್ಪಂದೇ, ಬರೋಬರ್?’ ಎಂದಿದ್ದರು.

ಎರಡನೆಯವರು ಕಿರಣ ಚಿಕಿತ್ಸೆಯ ಡಾಕ್ಟರಮ್ಮ. ಮೆತ್ತಗಿನ ಮಾತು, ಎಲ್ಲವೂ ಅವರಿಗೆ ಸ್ವಲ್ಪ ಸ್ವಲ್ಪ. ವಾರಕ್ಕೆ ಐದು ದಿನ, ನಾಲ್ಕು ವಾರ, ಸ್ವಲ್ಪ ಹೊತ್ತು ಮಲಗಿದರಾಯಿತು. ಸ್ವಲ್ಪ ಉರಿ, ಸ್ವಲ್ಪ ಅವಸರ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸರಿ. ಸ್ವಲ್ಪ ಯೋಚನೆ ಮಾಡಿ. ನಿರ್ಧಾರ ನಿಮ್ಮದೇ. ಅದು ಮಾತ್ರ ಸ್ವಲ್ಪವಲ್ಲ, ಪೂರಾ ಅವನದೇ.

ಇಬ್ಬರ ಬಳಿಗೂ ಅವನ ಜೊತೆ ಹೋದವಳು ಮಗಳು ಶೈಲಾ. ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು, ಹತ್ತಿರದಲ್ಲೇ ಸಂಸಾರ. ಕೈಯಲ್ಲಿ ವಹಿ ಹಿಡಿದು ಡಾಕ್ಟರರು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಅವಳು ಬರೆಯದೇ ಇದ್ದದ್ದು, ಅವಳಿಗೆ ಗೊತ್ತೇ ಇಲ್ಲದ್ದು, ಅಪ್ಪ ಮುಚ್ಚಿಟ್ಟದ್ದು.

ಪೇಟೆಯಲ್ಲಿ ಒಂದು ಕಟ್ಟಳೆಯಿದೆ. ಒಬ್ಬ ವ್ಯಾಪಾರಿ ಹೇಳಿದ ದರ ಇನ್ನೊಬ್ಬನ ಕಿವಿಗೆ ಬೀಳಬಾರದು. ಅದಕ್ಕೇ ದಲ್ಲಾಳಿ ಹೆಗಲ ಮೇಲಿನ ವಲ್ಲಿ ಎಂಬ ವಸ್ತ್ರವನ್ನು ಎದುರಿನವನ ಕೈಮೇಲೆ ಹರಡಿ, ಅದರ ಕೆಳಗೆ ಬೆರಳು ಹಿಡಿದು ಮಾತಾಡುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಪೂರಾ ಪಂಜ ಹಿಡಿದರೆ ಐದು, ಎರಡು ಸಲ ಹಿಂಡಿದರೆ ಹತ್ತು. ಸುತ್ತ ನಿಂತವರಿಗೆ ಕಾಣುವುದು ವಲ್ಲಿ ಮಾತ್ರ. ಈಗ ಹುಡುಗರೆಲ್ಲ ದರವನ್ನು ಮೊಬೈಲಿನಲ್ಲಿ ತಿಕ್ಕುತ್ತಾರೆ. ನಿಜಲಿಂಗಪ್ಪನ ವಲ್ಲಿ ಇನ್ನೂ ಹೆಗಲಿನಿಂದ ಇಳಿದಿಲ್ಲ. ಇನ್ನೊಂದು ಕಟ್ಟಳೆ: ನಿನ್ನ ಮಾಲಿನ ಕೊರತೆಯನ್ನು ನೀನೇ ಬಾಯಿಬಿಟ್ಟು ಹೇಳಬೇಡ.

ಈ ಎರಡೂ ಕಟ್ಟಳೆಗಳನ್ನು ಅವನು ಆಸ್ಪತ್ರೆಯಲ್ಲೂ ಬಿಡದೆ ಪಾಲಿಸಿದ. ಸ್ಕ್ಯಾನಿನ ಕಾಗದವನ್ನು ಇಬ್ಬರಿಗೂ ತೋರಿಸಲಿಲ್ಲ. ಅದನ್ನು ಮಗಳಿಗೂ ಹೇಳದೆ ಬೇರೆ ಕಡೆ ಮಾಡಿಸಿದ್ದ, ಅವರಾಗಿ ಏನು ಹೇಳುತ್ತಾರೋ ನೋಡೋಣವೆಂದು. ಕಿರಣದ ಡಾಕ್ಟರಮ್ಮನಿಗೆ ಸುಖೇಶರ ಹೆಸರೇ ಹೇಳಲಿಲ್ಲ. ‘ರಾತ್ರಿ ಎಷ್ಟು ಸಲ ಎದ್ದು ಹೋಗ್ತೀರಿ?’ ಎಂದು ಇಬ್ಬರೂ ಕೇಳಿದರು. ಇಬ್ಬರಿಗೂ ‘ಒಂದು ಸಲ’ ಎಂದ. ನಿಜವಾದ ಲೆಕ್ಕ ನಾಲ್ಕು. ಬೆಳಗಿನ ಲಿಂಗಪೂಜೆಗೆ ಕೂತರೂ ಈಗೀಗ ಅರ್ಧಕ್ಕೇ ಏಳಬೇಕಾಗುತ್ತಿತ್ತು. ಆದರೆ ಕೊರತೆ ಕಂಡ ಕೂಡಲೇ ಎದುರಿನವನು ದರ ಇಳಿಸುತ್ತಾನೆಂಬುದು ಮೂವತ್ತೆಂಟು ವರ್ಷದ ಪಾಠ.

ಕೊನೆಯ ಪ್ರಶ್ನೆಯನ್ನೂ ಇಬ್ಬರೂ ಕೇಳಿದರು. ಚಿಕಿತ್ಸೆಯಾದ ಮೇಲೆ ಗಂಡಹೆಂಡಿರ ಸಂಬಂಧಕ್ಕೆ ತೊಂದರೆ ಆಗಬಹುದು, ಅದು ನಿಮಗೆ ಎಷ್ಟು ಮುಖ್ಯ?

ಪಕ್ಕದಲ್ಲಿ ಮಗಳು ಪೆನ್ನು ಹಿಡಿದು ಕೂತಿದ್ದಾಳೆ. ನಿಜಲಿಂಗಪ್ಪ ಗೋಡೆಯ ಮೇಲಿನ ಕಿಡ್ನಿಯ ಚಿತ್ರ ನೋಡುತ್ತಾ, “ಅದೆಲ್ಲಾ ಮುಗಿದದ್ರಿ” ಎಂದ. ಎರಡೂ ಕಡೆ ಅದೇ ಕಿಡ್ನಿ, ಅದೇ ಉತ್ತರ. ಶೈಲಾ ತಲೆ ತಗ್ಗಿಸಿ ಏನೋ ಗೀಚಿದಳು.

ಅಂಗಡಿಯಲ್ಲಿ ಕೂತರೂ ಸಮಾಧಾನವಿಲ್ಲ. ಪಕ್ಕದ ಅಂಗಡಿಯ ಬಸವಲಿಂಗ ಸುದ್ದಿ ತಿಳಿದ ದಿನದಿಂದ ದಿನಕ್ಕೊಂದು ವಿಡಿಯೊ ಕಳಿಸುತ್ತಿದ್ದ. “ಮಾವ, ಕುಂಬಳಬೀಜ ಮುಕ್ಕರಿ. ಭೋರ್ ಊರಾಗ ನಮ್ಮ ಷಡ್ಡಕ ಒಬ್ಬಾಂವ ಮುಕ್ಕಿ ಮುಕ್ಕಿ ಹುಲಿ ಆಗ್ಯಾನ.”

“ಹುಲಿ ಆಗಿ ಏನು ಮಾಡ್ಯಾನ?”

“ಊರೆಲ್ಲಾ ತಿರಗ್ತಾನ.”

“ಎಲ್ಲೆಲ್ಲಿ ಸಂಡಾಸ ಅದ ನೋಡಕೋತ ತಿರಗ್ತಿರಬೇಕು” ಎಂದು ನಿಜಲಿಂಗಪ್ಪ ಸಿಡುಕಿದ. ಅಂದು ಒಳ್ಳೆಯ ಕಡಲೆಯ ಚೀಲಕ್ಕೂ ‘ಹುಳ ಅದ’ ಎಂದುಬಿಟ್ಟ. ತಪ್ಪಾಯಿತೆಂದು ಮಾಲಿನವನ ಕಾಲಿಗೆ ಬೀಳುವುದೊಂದು ಬಾಕಿ ಉಳಿಯಿತು.

ಭಾನುವಾರ ಶೈಲಾ ಒಂದು ತಖ್ತೆ ಮಾಡಿಕೊಂಡು ಬಂದಳು. ಮೇಲ್ಗಡೆ ಮೂರು ಕಂಬ: ಶಸ್ತ್ರ, ಕಿರಣ, ಕಣ್ಣಿಡುವುದು. ಎಡಗಡೆ ಸಾಲುಗಳು: ರೋಗ ಹೋಗುವುದು, ಮೂತ್ರ ಸೋರುವುದು, ಆಸ್ಪತ್ರೆಗೆ ಓಡಾಟ, ಮನಸ್ಸಿನ ನೆಮ್ಮದಿ. ಅಪ್ಪ ಯಾವುದಕ್ಕೆ ಎಷ್ಟು ಮಹತ್ವ ಕೊಟ್ಟಿದ್ದನೋ ಅಷ್ಟು ಅಂಕ ಹಾಕಿ, ಗುಣಿಸಿ, ಕೂಡಿಸಿದ್ದಳು.

“ಅಪ್ಪಾ, ಶಸ್ತ್ರನೇ ಮುಂದ ಅದ. ಕಣ್ಣಿಡೋದು ಕೊನೀಕ ಬಂತು.”

“ಬರೂದೇ. ಗೋದಾಮಿನ್ಯಾಗ ಹುಳ ಹತ್ತಿದ ಚೀಲ ಇಟಗೊಂಡು ಯಾರರೆ ಕಣ್ಣಿಟಗೋತ ಕೂಡ್ತಾರೇನು?”

ಒಪ್ಪಿಗೆಯಾಯಿತು. ಸುಖೇಶರ ಆಸ್ಪತ್ರೆಗೆ ಫೋನ್ ಹೋಯಿತು. ಮುಂದಿನ ಗುರುವಾರ ಭರ್ತಿ, ಶುಕ್ರವಾರ ಬೆಳಿಗ್ಗೆ ರೋಬೋಟು. ಆರು ವಾರದ ಕಾಟ ಮುಗಿಯಿತೆಂದು ನಿಜಲಿಂಗಪ್ಪ ಕಾಲು ಚಾಚಿ ಕೂತ. ನೆಮ್ಮದಿ ಬರಬೇಕಿತ್ತು. ಬಂದದ್ದು ಮತ್ತೆ ಸಿಟ್ಟೇ. ಯಾರ ಮೇಲೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಚಹಾದಲ್ಲಿ ಸಕ್ಕರೆ ಹೆಚ್ಚಾಯಿತೆಂದು ಕಪ್ಪು ಸರಿಸಿದ.

ಕಾಶವ್ವ ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಮಗಳು ತಖ್ತೆ ಓದುವಾಗ ಆರಂಭದಿಂದ ಎಣಿಸುತ್ತಾ ಬಂದಿದ್ದಳು.

“ಶೈಲಾ, ಐದು ಗೆರಿ ಎಳದೀ. ನಾಕೇ ಓದಿದೆಲ್ಲ?”

“ಅದೇನಿಲ್ಲವ್ವ. ಬಿಡು.”

“ಏನಿಲ್ಲಂದ್ರ ಗೆರಿ ಯಾಕ ಎಳದಿ?”

ಶೈಲಾ ಕಾಗದ ಮಡಿಸಿದಳು. “ಅದು ನಿಮ್ಮಿಬ್ಬರದು. ಅಪ್ಪ ಅದಕ್ಕ ಸೊನ್ನಿ ಅಂದಾನ. ಸೊನ್ನಿಗೆ ಏನು ಗುಣಿಸಿದ್ರೂ ಸೊನ್ನಿ. ಅದಕ್ಕ ಓದಲಿಲ್ಲ.”

ಕಾಶವ್ವ ಸೊಪ್ಪಿನ ದಂಟು ಮುರಿದಳು. “ನಮ್ಮಿಬ್ಬರದು ಅಂದ ಮ್ಯಾಲೆ, ಸೊನ್ನಿ ಒಬ್ಬರೇ ಹೆಂಗ ಹಾಕಿದ್ರು?”

ನಿಜಲಿಂಗಪ್ಪ ಫ್ಯಾನಿನ ರೆಕ್ಕೆ ಎಣಿಸಿದ. ಮೂರೇ ಇದ್ದವು, ಬೇಗ ಮುಗಿಯಿತು.

“ಇನ್ನೊಬ್ಬರ್ನ ಕೇಳೂಣು” ಎಂದಳು ಕಾಶವ್ವ. “ಗುರುವಾರಕ್ಕಿಂತ ಮೊದಲ. ಈ ಸಲ ನಾನೂ ಬರ್ತೀನಿ.”

“ನೀ ಬಂದು ಏನು ಮಾಡ್ತಿ?” ಎಂದ ಅವನು.

“ಕಿಡ್ನಿ ಚಿತ್ರ ನೋಡ್ತೀನಿ” ಎಂದಳು. ಅವನು ಆಡಿ ತೋರಿಸಿದ ವರದಿಗಳಲ್ಲಿ ಕಿಡ್ನಿಯ ಚಿತ್ರವೂ ಬಂದುಹೋಗಿತ್ತು.

ಬುಧವಾರ ಕಂಡ ಮೂರನೆಯ ಕ್ಯಾನ್ಸರ್ ಡಾಕ್ಟರು ರಂಜಿನಿ, ಶೈಲಾಳ ವಿದ್ಯಾರ್ಥಿನಿಯೊಬ್ಬಳ ಅತ್ತೆ. ಮೈಸೂರಿನವರು, ಪುಣೆಗೆ ಬಂದು ಹತ್ತು ವರ್ಷ. ಕನ್ನಡದವರೇ ಸಿಕ್ಕರೆಂದು ಅರಳಿದ ನಿಜಲಿಂಗಪ್ಪನ ಮುಖ ಅವರು ಬಾಯಿ ತೆರೆಯುತ್ತಿದ್ದಂತೆ ಮತ್ತೆ ಮುದುಡಿತು.

“ಬನ್ನಿ ಅಂಕಲ್, ಕೂತ್ಕೊಳಿ. ಆಂಟಿ, ನೀವೂ. ಆಕ್ಚುಲಿ ನಾನೇನ್ ಮಾಡ್ತೀನಿ ಅಂದ್ರೆ, ಫಸ್ಟು ನಿಮ್ಗೆ ಯಾವ್ದು ಇಂಪಾರ್ಟೆಂಟು ಅಂತ ತಿಳ್ಕೋತೀನಿ. ಆಮೇಲೆ ಟ್ರೀಟ್‌ಮೆಂಟು. ಡಿಸಿಷನ್ನು ಲಾಸ್ಟಲ್ಲಿ ನಿಮ್ದೇ, ಓಕೆನಾ?”

‘ಬರೋಬರ್?’ ಹೋಗಿ ‘ಓಕೆನಾ?’ ಬಂತು. ಮನೆಗೆ ಹೋದ ಮೇಲೆ ಇದನ್ನು ಹೇಗೆ ಆಡಬೇಕೆಂದು ಅವನು ಆಗಲೇ ನಾಲಿಗೆ ಹೊರಳಿಸಿಕೊಂಡ. ಸಿಟ್ಟಿನ ನಡುವೆ ಅದೊಂದೇ ಸುಖ ಉಳಿದಿತ್ತು.

ಶೈಲಾ ಎಂದಿನಂತೆ ವಹಿ ತೆರೆದಳು. ಆದರೆ ಕಾಶವ್ವ, “ನಮಗ ಮೂರು ಚಹಾ ಹೇಳಿ ಬಾರವ್ವ. ಸಾವಕಾಶ ಬಾ” ಎಂದಳು. ಆ ಆಸ್ಪತ್ರೆಯಲ್ಲಿ ಚಹಾದ ಅಂಗಡಿ ನಾಲ್ಕು ಮಹಡಿ ಕೆಳಗಿದೆ ಎಂದು ಬರುವಾಗಲೇ ನೋಡಿಟ್ಟುಕೊಂಡಿದ್ದಳು. ಮಗಳು ಅವ್ವನ ಮುಖ ನೋಡಿ, ವಹಿಯನ್ನು ಅಲ್ಲೇ ಬಿಟ್ಟು ಹೋದಳು.

“ಸೊನ್ನೆಯಿಂದ ಹತ್ತರೊಳಗೆ ಹೇಳಿ ಅಂಕಲ್. ರೋಗ ಒಳಗಿದೆ ಅನ್ನೋ ಚಿಂತೆ ಎಷ್ಟು ಕಾಡತ್ತೆ?”

“ಎಂಟು.”

“ಮೂತ್ರ ಸೋರಿದ್ರೆ?”

“ಒಂಬತ್ತು. ಬಿಳೀ ಪಾಯಜಾಮದ ಮ್ಯಾಲೆ ಪ್ಯಾಟ್ಯಾಗ ಕೂಡಾಂವ ನಾನು.”

“ಈಗ ರಾತ್ರಿ ಎಷ್ಟು ಸಲ ಏಳ್ತೀರಾ?”

“ಒಂದು.”

“ನಿಮ್ಮಿಬ್ಬರ ಸಂಬಂಧ, ಅದಕ್ಕೆ ಎಷ್ಟು ಕೊಡ್ತೀರಾ?”

“ಸೊನ್ನಿ” ಎಂದು ಕಿಡ್ನಿ ಹುಡುಕಿದ. ಈ ಗೋಡೆಯ ಮೇಲೆ ಬೋಳು ಕ್ಯಾಲೆಂಡರು ಮಾತ್ರ ಇತ್ತು.

ಅಷ್ಟರಲ್ಲಿ ಅವನ ಹೆಗಲು ಹಗುರವಾಯಿತು. ಕಾಶವ್ವ ವಲ್ಲಿಯನ್ನು ಎಳೆದು, ಇಬ್ಬರ ಕುರ್ಚಿಗಳ ನಡುವೆ ಅವನ ಬಲಗೈ ಮೇಲೆ ಹರಡಿ, ಕೆಳಗಿನಿಂದ ತನ್ನ ಕೈ ತೂರಿಸಿದಳು.

ಅವಳು ಬಾಗಲಕೋಟೆಯ ದಲ್ಲಾಳಿಯ ಮಗಳು. ಮದುವೆಯಾದ ಹೊಸತರಲ್ಲಿ ಪುಣೆಯ ವಾಡೆಯ ಒಂದೇ ಕೋಣೆಯಲ್ಲಿ ಅತ್ತೆ, ಮಾವ, ಇಬ್ಬರು ಮೈದುನರ ನಡುವೆ ಸಂಸಾರ. ಗಂಡಹೆಂಡತಿ ಮಾತಾಡಲು ಮೂಲೆಯೇ ಇರಲಿಲ್ಲ. ಆಗ ತವರಿಗೆ ಎಷ್ಟು ದಿನ ಹೋಗಬೇಕೆಂಬ ಸೌದಾ ಈ ವಲ್ಲಿಯ ಕೆಳಗೇ ನಡೆಯುತ್ತಿತ್ತು. ಎಲ್ಲರ ಎದುರು, ಊಟಕ್ಕೆ ಕೂತಾಗ. ಅವನು ಮೂರು ಬೆರಳು ಹಿಡಿದರೆ ಅವಳು ಪಂಜ ಹಿಡಿದು, ಮೇಲೆ ಇನ್ನೂ ಮೂರು ಹಿಡಿಯುತ್ತಿದ್ದಳು. ಐದಕ್ಕೋ ಆರಕ್ಕೋ ಕುದುರುತ್ತಿತ್ತು. ಅತ್ತೆಗೆ ಕೊನೆಯವರೆಗೂ ತಿಳಿಯಲಿಲ್ಲ. ಮನೆ ದೊಡ್ಡದಾದ ಮೇಲೆ ವಲ್ಲಿ ಬರೀ ಪೇಟೆಯದಾಯಿತು. ಮಾತಾಡಲು ಮೂಲೆಗಳು ಬೇಕಾದಷ್ಟಿದ್ದವು, ಮಾತು ಕಡಿಮೆಯಾಯಿತು.

ಈಗ ಅವಳು ಅವನ ಪಂಜವನ್ನು ಹಿಂಡಿದಳು. ಒಂದು ಸಲ. ಬಿಟ್ಟಳು. ಮತ್ತೆ ಹಿಂಡಿದಳು.

ಹತ್ತು.

ನಿಜಲಿಂಗಪ್ಪನ ಕಿವಿ ಬಿಸಿಯಾದವು. ಮುಖ ಡಾಕ್ಟರರ ಕಡೆಗೇ ಇಟ್ಟುಕೊಂಡು, ಅವಳ ಎರಡು ಬೆರಳು ಹಿಡಿದ. ಎರಡು ಸಾಕು, ಮರ್ಯಾದೆಯ ಪ್ರಶ್ನೆ. ಅವಳು ಅವನ ಕೈ ಕೊಡವಿದಳು. ಪೇಟೆಯಲ್ಲಿ ಹಾಗೆ ಕೊಡವಿದರೆ ‘ಹುಡುಗಾಟಾ ಮಾಡಬ್ಯಾಡ’ ಎಂದರ್ಥ. ಅವನು ಐದಕ್ಕೆ ಬಂದ. ಅವಳು ಮತ್ತೆ ಎರಡು ಸಲ ಹಿಂಡಿದಳು, ಈ ಸಲ ಬಳೆ ಒತ್ತುವಷ್ಟು.

ಡಾಕ್ಟರು ರಂಜಿನಿ ವಲ್ಲಿಯನ್ನೂ ಅದರ ಮೇಲಿನ ಎರಡು ಮುಖಗಳನ್ನೂ ನೋಡಿದರು. “ಅಂಕಲ್, ಟೈಮ್ ಬೇಕಾ?”

“ಇಲ್ರಿ.” ಅವನ ದನಿ ಮೊದಲ ಸಲ ಅವನದೇ ದನಿಯಂತೆ ಬಂತು. “ಹತ್ತು ಬರೀರಿ.”

“ಹತ್ತಾ?”

“ನಂದಲ್ಲ. ಇಬ್ಬರದೂ ಕೂಡಿಸಿ.”

“ರಾತ್ರಿದೂ ಹೇಳ್ರಿ” ಎಂದಳು ಕಾಶವ್ವ ಗಟ್ಟಿಯಾಗಿ. “ಬಚ್ಚಲದ ಚಿಲಕ ನಾಕು ಸಲ ಸಪ್ಪಳ ಮಾಡ್ತದ. ನಾ ಏನು ಕಿವುಡಿ?”

ಕೊರತೆ ಹೊರಗೆ ಬಿತ್ತು. ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ. ನಿಜಲಿಂಗಪ್ಪ ಕೈಚೀಲದಿಂದ ಮೂರು ಫೈಲು ತೆಗೆದು ಮೇಜಿನ ಮೇಲೆ ಹರಡಿದ. ಶಸ್ತ್ರದ್ದು, ಕಿರಣದ್ದು, ಯಾರಿಗೂ ತೋರಿಸದ ಸ್ಕ್ಯಾನು. ಮೂವತ್ತೆಂಟು ವರ್ಷದಲ್ಲಿ ಎಲ್ಲ ದರವನ್ನೂ ಒಬ್ಬರ ಮುಂದೆ ಬಿಚ್ಚಿಟ್ಟದ್ದು ಇದೇ ಮೊದಲು. ಮೈಮೇಲಿನ ಬಟ್ಟೆ ಬಿಚ್ಚಿದಂತಾಯಿತು.

ರಂಜಿನಿ ಬಹಳ ಹೊತ್ತು ಓದಿದರು. ಆಮೇಲೆ ಅವರ ಕನ್ನಡ ಇದ್ದಕ್ಕಿದ್ದಂತೆ ಸರಳವಾಯಿತು. “ಅಂಕಲ್, ಈ ಸ್ಕ್ಯಾನ್ ಅವರಿಬ್ರೂ ನೋಡಿಲ್ವಾ? ನಿಮ್ಮ ಗ್ರಂಥಿ ದಪ್ಪ ಆಗಿದೆ. ನಾಲ್ಕು ಸಲ ಏಳೋದು ಅದಕ್ಕೆ. ರಕ್ತದಲ್ಲಿ ಆ ಅಂಕಿ ಏರಿರೋದೂ ಒಂದಷ್ಟು ಅದ್ರಿಂದ್ಲೇ ಇರಬಹುದು. ಕ್ಯಾನ್ಸರ್ ಇದೆ, ಸುಳ್ಳಲ್ಲ. ಆದ್ರೆ ಚಿಕ್ಕದು, ನಿಧಾನದ್ದು. ಇಷ್ಟು ಮೂತ್ರದ ತೊಂದರೆ ಇರೋವಾಗ ಕಿರಣ ಕೊಟ್ರೆ ಇನ್ನೂ ಹಿಂಸೆ ಆಗ್ಬಹುದು. ಶಸ್ತ್ರ ಮಾಡಿದ್ರೆ ನೀವು ಹತ್ತು ಕೊಟ್ರಲ್ಲ, ಅದಕ್ಕೆ ಪೆಟ್ಟು ಬೀಳೋ ಸಾಧ್ಯತೆ ಇದೆ. ಈಗ್ಲೇ ಏನೂ ಮಾಡ್ಬೇಕಾಗಿಲ್ಲ. ಆರು ತಿಂಗಳಿಗೊಮ್ಮೆ ರಕ್ತ, ವರ್ಷಕ್ಕೆ ಇನ್ನೊಂದು ಸಲ ಚುಚ್ಚಿ ನೋಡೋದು. ಬೆಳೆದ್ರೆ ಆಗ ತೆಗೆಯೋಣ. ಎದ್ದು ಹೋಗೋದಕ್ಕೆ ಬೇರೆ ಮಾತ್ರೆ ಇದೆ.”

“ಅಂದ್ರ ಹುಳ ಒಳಗ ಇಟಗೊಂಡೇ ತಿರಗೂದು?”

“ವರ್ಷಕ್ಕೊಮ್ಮೆ ಚುಚ್ಚಿ ನೋಡ್ತಾ.”

ನಿಜಲಿಂಗಪ್ಪನಿಗೆ ಮಳೆಗಾಲದ ಗೋದಾಮು ನೆನಪಾಯಿತು. ಒಂದು ಚೀಲದಲ್ಲಿ ಹುಳ ಕಂಡಿತೆಂದು ಯಾರೂ ಗೋದಾಮಿಗೆ ಬೆಂಕಿ ಹಚ್ಚುವುದಿಲ್ಲ. ಬೇರೆ ಇಟ್ಟು, ಗುರುತು ಹಾಕಿ, ತಿಂಗಳಿಗೊಮ್ಮೆ ಚುಚ್ಚುಗೋಲು ಹಾಕುತ್ತಾರೆ. ಅವನೇ ನೂರು ಸಲ ಮಾಡಿದ್ದಾನೆ. ಶೈಲಾಳ ಮುಂದೆ ಮಾತ್ರ ಗೋದಾಮಿನ ಹೆಸರಿನಲ್ಲಿ ಸುಳ್ಳು ಹೇಳಿದ್ದ. ತನ್ನ ಮೇಲೆ ತನಗೇ ಬಂದ ಸಿಟ್ಟಿಗೆ ಯಾವ ದನಿ ಹಚ್ಚಬೇಕೆಂದು ತಿಳಿಯಲಿಲ್ಲ.

“ನಿರ್ಧಾರ” ಎಂದು ರಂಜಿನಿ ಶುರುಮಾಡಿದರು.

“ನಂದೇ. ಗೊತ್ತದ್ರಿ” ಎಂದ.

ವಲ್ಲಿಯ ಕೆಳಗೆ ಕಾಶವ್ವ ಅವನ ಒಂದೇ ಒಂದು ಬೆರಳು ಹಿಡಿದಳು. ಅವನು ಓರೆಗಣ್ಣಿನಿಂದ ನೋಡಿದ. “ಒಂದು ವರ್ಷ” ಎಂದಳು ಅವಳು ತುಟಿ ಅಲುಗಿಸದೆ. “ಆಮ್ಯಾಲೆ ಮತ್ತ ಸೌದಾ.”

ಅವನು ಬೆರಳು ಬಿಡಿಸಿಕೊಳ್ಳಲಿಲ್ಲ. ಪೇಟೆಯಲ್ಲಿ ಅದು ಒಪ್ಪಿಗೆ.

ಆರಿದ ಮೂರು ಚಹಾ ಹಿಡಿದು ಶೈಲಾ ಬಂದಾಗ ಮೇಜಿನ ಮೇಲೆ ಮೂರು ಫೈಲು ಕಂಡು ಬಾಗಿಲಲ್ಲೇ ನಿಂತಳು. “ಅಪ್ಪಾ, ಈ ಸ್ಕ್ಯಾನ್ ಎಲ್ಲಿಂದ ಬಂತು?” ಎಂದಳು. ಆ ಪ್ರಶ್ನೆಗೆ ಉತ್ತರ ಹೇಳುವುದರಲ್ಲಿ, ಹೇಳಿ ಬೈಸಿಕೊಳ್ಳುವುದರಲ್ಲಿ, ಚಹಾಕ್ಕಿದ್ದ ಅಲ್ಪ ಬಿಸಿಯೂ ಹೋಯಿತು.

ವಾಪಸು ಬರುವಾಗ ರಿಕ್ಷಾ ಸ್ವಾರಗೇಟಿನ ಗದ್ದಲದಲ್ಲಿ ಸಿಕ್ಕಿಕೊಂಡಿತು. ಇಪ್ಪತ್ತು ನಿಮಿಷವಾದರೂ ಮುಂದಿನ ಬಸ್ಸಿನ ಹಿಂಭಾಗವೇ ಕಾಣುತ್ತಿತ್ತು. ನಿಜಲಿಂಗಪ್ಪ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿ, ತೆಗೆದು, ಮತ್ತೆ ಹಾಕಿದ. ಮಾತ್ರೆಯ ಚೀಟಿ ಕಿಸೆಯಲ್ಲಿತ್ತು, ಮಾತ್ರೆ ಇನ್ನೂ ಅಂಗಡಿಯಲ್ಲಿತ್ತು. ಹುಳ ಒಳಗಿತ್ತು. ಮೂರು ಡಾಕ್ಟರು, ಒಂದು ತಖ್ತೆ, ಆರು ವಾರ ಸವೆದ ಮೇಲೆ ಅವನು ಏನನ್ನೂ ಮಾಡಿಸಿಕೊಳ್ಳದೆ ಮನೆಗೆ ಹೋಗುತ್ತಿದ್ದ. ಇದನ್ನು ಗೆಲುವೆಂದು ಯಾರಾದರೂ ಹೇಳಿದ್ದರೆ ಅವರನ್ನು ಆ ಬಸ್ಸಿಗೆ ಕಟ್ಟಿಬಿಡುತ್ತಿದ್ದ.

ಆಗಲೇ ಫೋನು ಬಡಿದುಕೊಂಡಿತು. ಸುಖೇಶರ ಆಸ್ಪತ್ರೆಯ ಹುಡುಗಿ. “ಕಾಕಾ, ನಾಳೆ ಬೆಳಿಗ್ಗೆ ಎಂಟಕ್ಕೆ ಭರ್ತಿಗೆ ಬರ್ತೀರಲ್ಲ?” ಎಂದು ಮರಾಠಿಯಲ್ಲಿ ಕೇಳಿದಳು.

“ಇಲ್ಲವ್ವ. ಬರಂಗಿಲ್ಲ. ರದ್ದು ಮಾಡು” ಎಂದು ಅವನೂ ಮರಾಠಿಯಲ್ಲಿ ಹೇಳಿದ.

“ಕಾರಣ ತುಂಬಬೇಕು ಕಾಕಾ. ಇಲ್ಲದಿದ್ರೆ ಕಂಪ್ಯೂಟರು ಮುಂದಕ್ಕೆ ಹೋಗೋದಿಲ್ಲ.”

ಕಾಶವ್ವ ಆಚೆ ಮುಖ ಮಾಡಿ, ಫುಟ್‌ಪಾತಿನ ಬುಟ್ಟಿಯಲ್ಲಿದ್ದ ಪೇರಲಹಣ್ಣು ನೋಡುತ್ತಿದ್ದಳು. ವಲ್ಲಿ ಇನ್ನೂ ಅವಳ ತೊಡೆಯ ಮೇಲೇ ಇತ್ತು.

“ಬರಕೋ” ಎಂದ ನಿಜಲಿಂಗಪ್ಪ. “ಮೊದಲ ಮನ್ಯಾಗ ಕೇಳಿದ್ದಿಲ್ಲ.”